ಯಾಕೋಬ್ ಗ್ರಿಮ್: ಐತಿಹ್ಯ, ಸ್ಥಳ ಮತ್ತು ವೇಸರ್ ಕಣಿವೆ

ಜನಪದ ಸಾಹಿತ್ಯದ ಶಾಸ್ತ್ರೀಯ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ (1785-1863) ಪ್ರಮುಖನು. ಅವನ ಮತ್ತು ಅವನ ತಮ್ಮ ವಿಲ್‌ಹೆಲ್ಮ್‌ನ (1786-1859) ಹೆಸರು ಕನ್ನಡ ಓದುಗರಿಗೆ ಹೆಚ್ಚಾಗಿ ಮಕ್ಕಳ ಕಥೆಗಳ ಮೂಲಕವೇ ಪರಿಚಿತವಾಗಿದೆ. 1975ರಲ್ಲಿ ಹನಾವ್ ಪಟ್ಟಣದಿಂದ ಬ್ರೆಮೆನ್‌ವರೆಗೆ ಸುಮಾರು 600 ಕಿ.ಮೀ. ಉದ್ದದ ಕಥಾಮಾರ್ಗವೊಂದು ಪ್ರವಾಸಿಗರಿಗಾಗಿ ರೂಪುಗೊಂಡಿತು. ವೇಸರ್ ನದಿಯ ರಮಣೀಯ ಕಣಿವೆಯನ್ನು ಹಾದುಹೋಗುವ ಈ ಮಾರ್ಗವು ಸಹೋದರರ ಕೀರ್ತಿಯನ್ನು ಹೆಚ್ಚಿಸಿತಾದರೂ, ಕಥೆ ಮತ್ತು ಐತಿಹ್ಯಗಳ ನಡುವೆ ಅವರು ಎಳೆದಿದ್ದ ಗೆರೆಯನ್ನು ಮಸುಕುಗೊಳಿಸಿತು. ಗ್ರಿಮ್‌ನ ಬದುಕನ್ನು ಈ ಹಿನ್ನೆಲೆಯಲ್ಲಿ ಅವಲೋಕಿಸುವುದು ಉಪಯುಕ್ತ.

ಯಾಕೋಬ್ ಜನಿಸಿದ್ದು 1785ರ ಜನವರಿ 4ರಂದು, ಮೈನ್ ನದಿಯ ದಡದ ಹನಾವ್‌ನಲ್ಲಿ. ತಂದೆ ನ್ಯಾಯಾಡಳಿತದ ಅಧಿಕಾರಿ. 1791ರಲ್ಲಿ ಕುಟುಂಬವು ಕಿಂಜಿಗ್ ಕಣಿವೆಯ ಸ್ಟೈನಾವ್‌ಗೆ ಬಂದು ನೆಲೆಸಿತು. 1796ರಲ್ಲಿ ತಂದೆ ತೀರಿಕೊಂಡಾಗ ಹನ್ನೊಂದು ವರ್ಷದ ಯಾಕೋಬ್‌ನೇ ಮನೆಯ ಹಿರಿಯ ಮಗನಾಗಿದ್ದನು. ಕಾಸೆಲ್‌ನಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿ 1802ರಲ್ಲಿ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದನು. ಅಲ್ಲಿ ಗುರು ಸವಿನ್ಯಿಯಿಂದ ಕಲಿತ ಐತಿಹಾಸಿಕ ವಿಧಾನವನ್ನು ಮುಂದೆ ಭಾಷೆಗೂ ಜನಪದ ಸಾಮಗ್ರಿಗೂ ಅನ್ವಯಿಸಿದನು. 1808ರಲ್ಲಿ ತಾಯಿಯೂ ತೀರಿಕೊಂಡಳು. ತಮ್ಮಂದಿರ ಹಾಗೂ ತಂಗಿಯ ಹೊಣೆ ಅವನ ಮೇಲೆ ಬಿದ್ದಿತು. ಅದೇ ವರ್ಷ ನೆಪೋಲಿಯನ್‌ನ ತಮ್ಮ ಜೆರೋಮ್‌ನ ಗ್ರಂಥಪಾಲಕನ ಹುದ್ದೆ ದೊರೆಯಿತು.

ಸಹೋದರರ ಕಥಾಸಂಗ್ರಹದ ಮೊದಲ ಸಂಪುಟ 1812ರಲ್ಲಿ 86 ಕಥೆಗಳೊಡನೆ, ಎರಡನೆಯದು 1815ರಲ್ಲಿ 70 ಕಥೆಗಳೊಡನೆ ಪ್ರಕಟವಾಯಿತು. ಅವರು ಹಳ್ಳಿಹಳ್ಳಿ ಅಲೆದು ಕಥೆ ಸಂಗ್ರಹಿಸಿದರೆಂಬ ನಂಬಿಕೆಯನ್ನು ನಂತರದ ಸಂಶೋಧನೆ ಅಲ್ಲಗಳೆದಿದೆ. ಅವರ ವಕ್ತೃಗಳಲ್ಲಿ ಕಾಸೆಲ್‌ನ ವೈಲ್ಡ್ ಮತ್ತು ಹಾಸೆನ್‌ಪ್ಫ್ಲುಗ್ ಮನೆತನಗಳ ವಿದ್ಯಾವಂತ ಯುವತಿಯರಿದ್ದರು. ದರ್ಜಿಯ ಹೆಂಡತಿ ಡೊರೊಥಿಯಾ ಫೀಮನ್ (1755-1815) ಕೂಡ ಹ್ಯೂಗನಾಟ್ ವಂಶದವಳು. ಹಾಗಾಗಿ ಶುದ್ಧ ಜರ್ಮನ್ ಎನ್ನಲಾದ ಕಥೆಗಳಲ್ಲಿ ಫ್ರೆಂಚ್ ಕಥಾಪರಂಪರೆಯ ಅಂಶಗಳೂ ಬೆರೆತಿವೆ. ನಂತರದ ಆವೃತ್ತಿಗಳನ್ನು ವಿಲ್‌ಹೆಲ್ಮ್ ಸಾಹಿತ್ಯಕವಾಗಿ ತಿದ್ದುತ್ತ ಹೋದನು.

ಸಹೋದರರ ಮತ್ತೊಂದು ಮಹತ್ವದ ಕೃತಿ 1816 ಮತ್ತು 1818ರಲ್ಲಿ ಹೊರಬಂದ ಜರ್ಮನ್ ಐತಿಹ್ಯಗಳ ಸಂಗ್ರಹ. ಇದರಲ್ಲಿ 585 ಐತಿಹ್ಯಗಳಿದ್ದು, ಬಹುಪಾಲು ಹಿಂದಿನ ಲಿಖಿತ ಆಕರಗಳಿಂದ ಆಯ್ದವು. ಇದರ ಮುನ್ನುಡಿಯಲ್ಲಿ ಅವರು ಕಥೆಯನ್ನು ಹೆಚ್ಚು ಕಾವ್ಯಾತ್ಮಕವೆಂದೂ ಐತಿಹ್ಯವನ್ನು ಹೆಚ್ಚು ಐತಿಹಾಸಿಕವೆಂದೂ ವಿಂಗಡಿಸಿದರು. ಕಥೆಗೆ ಊರಿನ ಹಂಗಿಲ್ಲ. ಐತಿಹ್ಯವು ಒಂದು ಊರಿಗೋ ಹೆಸರಿಗೋ ಅಂಟಿಕೊಂಡೇ ಬದುಕುತ್ತದೆ.

ಈ ಮಾತಿಗೆ ವೇಸರ್ ದಡದ ಹಾಮೆಲ್ನ್ ಪಟ್ಟಣವೇ ಸಾಕ್ಷಿ. 1284ರ ಜೂನ್ 26ರಂದು ಕೊಳಲೂದುವವನೊಬ್ಬನು 130 ಮಕ್ಕಳನ್ನು ಕರೆದೊಯ್ದನೆಂಬ ಅಲ್ಲಿಯ ಐತಿಹ್ಯ ಪ್ರಸಿದ್ಧವಾಗಿದೆ. ಇಲಿಗಳ ಪ್ರಸಂಗ ಇದಕ್ಕೆ ಸೇರಿದ್ದು 16ನೆಯ ಶತಮಾನದಲ್ಲಿ. ಮಕ್ಕಳು ಸಾಗಿಹೋದರೆನ್ನಲಾದ ಓಣಿಯಲ್ಲಿ ವಾದ್ಯ ನುಡಿಸಬಾರದೆಂಬ ಕಟ್ಟಳೆ ಉಳಿದುಬಂದಿತು. ಇಲ್ಲಿ ಓಣಿಯೇ ಐತಿಹ್ಯದ ಆಕರ. ಇದಕ್ಕೆ ವಿರುದ್ಧವಾಗಿ, ನಿದ್ರಿಸುವ ರಾಜಕುಮಾರಿಯ ಕಥೆಗೆ ಗ್ರಿಮ್ ಪಠ್ಯದಲ್ಲಿ ಊರಿನ ಹೆಸರೇ ಇಲ್ಲ. ಸಾಬಾಬುರ್ಗ್ ಕೋಟೆಯನ್ನು ಅದರೊಡನೆ ಜೋಡಿಸಿದವರು ನಂತರದವರು. ಕಥಾಮಾರ್ಗ ಕೊನೆಗೊಳ್ಳುವುದು ಬ್ರೆಮೆನ್‌ನಲ್ಲಿ. ಆದರೆ ಆ ಊರಿಗೆಂದು ಹೊರಟ ಕಥೆಯ ಪ್ರಾಣಿಗಳು ಅಲ್ಲಿಗೆ ತಲುಪುವುದೇ ಇಲ್ಲ.

ಗ್ರಿಮ್‌ನ ನಿಷ್ಠೆ ಗ್ರಂಥಗಳಿಗಷ್ಟೇ ಸೀಮಿತವಾಗಿರಲಿಲ್ಲ. 1837ರಲ್ಲಿ ಹ್ಯಾನೋವರ್‌ನ ದೊರೆ ಸಂವಿಧಾನವನ್ನು ರದ್ದುಗೊಳಿಸಿದಾಗ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರು ಪ್ರತಿಭಟಿಸಿದರು. ಅವರಲ್ಲಿ ಸಹೋದರರಿಬ್ಬರೂ ಇದ್ದರು. ಏಳೂ ಜನರು ಹುದ್ದೆ ಕಳೆದುಕೊಂಡರು. ಯಾಕೋಬ್‌ನಂತೂ ಮೂರು ದಿನಗಳೊಳಗೆ ರಾಜ್ಯ ಬಿಡಬೇಕಾಯಿತು. ಈ ನಿರುದ್ಯೋಗದ ಕಾಲದಲ್ಲಿಯೇ ಜರ್ಮನ್ ನಿಘಂಟಿನ ಕಾರ್ಯ ಆರಂಭವಾಯಿತು. ಮೊದಲ ಸಂಪುಟ 1854ರಲ್ಲಿ ಹೊರಬಂದಿತು. 1863ರ ಸೆಪ್ಟೆಂಬರ್ 20ರಂದು ಬರ್ಲಿನ್‌ನಲ್ಲಿ ಅವನು ತೀರಿಕೊಂಡಾಗ ‘ಹಣ್ಣು’ ಎಂಬರ್ಥದ ಪದದವರೆಗೆ ಮಾತ್ರ ಕೆಲಸ ಸಾಗಿತ್ತು. ನಿಘಂಟು ಪೂರ್ಣಗೊಳ್ಳಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು.

ಕನ್ನಡ ನಾಡಿನಲ್ಲಿಯೂ ಸ್ಥಳಕ್ಕೆ ಅಂಟಿಕೊಂಡ ಐತಿಹ್ಯಗಳಿಗೆ ಕೊರತೆಯಿಲ್ಲ. ಸೌರಾಷ್ಟ್ರದ ಸೋಮನಾಥನನ್ನು ಆದಯ್ಯನು ಪುಲಿಗೆರೆಗೆ ತಂದನೆಂಬ ಐತಿಹ್ಯವು ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯನ್ನೂ, ಕುಮಾರವ್ಯಾಸನು ಒದ್ದೆ ಬಟ್ಟೆಯಲ್ಲಿ ಕುಳಿತು ಕಾವ್ಯ ರಚಿಸಿದನೆಂಬ ಐತಿಹ್ಯವು ಗದುಗಿನ ವೀರನಾರಾಯಣ ಗುಡಿಯನ್ನೂ ಬಿಟ್ಟು ನಿಲ್ಲಲಾರವು. ಇವು ಪ್ರಸಿದ್ಧವಾದ್ದರಿಂದ ಉಳಿದಿವೆ. ತುಂಗಭದ್ರೆಯ ಎಡದಂಡೆಯ ಮುಂಡರಗಿ ಸೀಮೆಯ ಹಿರೇವಡ್ಡಟ್ಟಿಯಂತಹ ಊರುಗಳಲ್ಲಿ ಕೆರೆ, ಗುಡಿ, ಹೊಲಗಳ ಹೆಸರಿನೊಡನೆ ಬದುಕುವ ಮಾತುಗಳ ಗತಿ ಹಾಗಲ್ಲ. ಹೇಳಿದವರು ಯಾರು, ಯಾವ ಸ್ಥಳವನ್ನು ತೋರಿಸಿ ಹೇಳಿದರು ಎಂಬ ವಿವರಗಳೊಡನೆ ಅವು ದಾಖಲಾಗಬೇಕು. ಈ ದಾಖಲೆ ಮೊದಲು ಸಿದ್ಧವಾಗಿ, ಪ್ರವಾಸಿ ಫಲಕಗಳು ಆನಂತರ ಬಂದರೆ ಮಾತ್ರ ಐತಿಹ್ಯವು ಐತಿಹ್ಯವಾಗಿ ಉಳಿಯುತ್ತದೆ ಎಂಬುದು ಗ್ರಿಮ್‌ನ ಬದುಕು ಹಾಗೂ ವೇಸರ್ ಕಣಿವೆಯ ಅನುಭವದಿಂದ ಸ್ಪಷ್ಟವಾಗುತ್ತದೆ.