ಬೆಟ್ಟದ ಮೇಲಿನ ಒಂಟಿ ಮಹಿಳೆ

1969ರಲ್ಲಿ ರುವಾಂಡದ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದಿಂದ ಸುಮಾರು 10 ಸಾವಿರ ಹೆಕ್ಟೇರ್ ಅರಣ್ಯವನ್ನು ಬೇರ್ಪಡಿಸಿ ಪೈರೆಥ್ರಮ್ ಬೇಸಾಯಕ್ಕೆ ಕೊಡಲಾಯಿತು. ಸೇವಂತಿಗೆಯ ಬಳಗಕ್ಕೆ ಸೇರಿದ ಈ ಬಿಳಿಯ ಹೂವಿನಿಂದ ಕೀಟನಾಶಕ ತಯಾರಾಗುತ್ತದೆ. ಯೋಜನೆಗೆ ಯುರೋಪಿನ ನೆರವಿತ್ತು. ಅದೇ ಕಾಡಿನ ಮೇಲ್ಭಾಗದಲ್ಲಿ, ಮೂರು ಸಾವಿರ ಮೀಟರ್ ಎತ್ತರದ ಶಿಬಿರವೊಂದರಲ್ಲಿ, ಡಯಾನ್ ಫಾಸಿ ಎಂಬ ಅಮೆರಿಕದ ಮಹಿಳೆ ಪರ್ವತ ಗೊರಿಲ್ಲಾಗಳ ಬದುಕನ್ನು ಅರಿಯಲು ಹೆಣಗುತ್ತಿದ್ದರು.

1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನಿಸಿದ ಫಾಸಿ ಪ್ರಾಣಿಶಾಸ್ತ್ರಜ್ಞೆಯಾಗಿರಲಿಲ್ಲ. ಅಂಗವಿಕಲ ಮಕ್ಕಳ ಶುಶ್ರೂಷೆ ಅವರ ವೃತ್ತಿ. 1963ರಲ್ಲಿ ಸಾಲ ಮಾಡಿ ಆಫ್ರಿಕಾಕ್ಕೆ ಹೋದಾಗ ಮಾನವಶಾಸ್ತ್ರಜ್ಞ ಲೂಯಿ ಲೀಕಿ ಅವರನ್ನು ಕಂಡರು. ಮುಂದೆ ಲೀಕಿ ಆಕೆಯನ್ನು ಗೊರಿಲ್ಲಾ ಅಧ್ಯಯನಕ್ಕೆ ಆರಿಸಿದರು. ಹೊರಡುವ ಮುನ್ನ ಅಪೆಂಡಿಕ್ಸ್ ತೆಗೆಸಿಕೊಳ್ಳುವಂತೆ ಹೇಳಿದರು. ಫಾಸಿ ತೆಗೆಸಿಕೊಂಡೂಬಿಟ್ಟರು. ಆಕೆಯ ಸಂಕಲ್ಪ ಎಷ್ಟು ಗಟ್ಟಿಯೆಂದು ಪರೀಕ್ಷಿಸಲು ಆಡಿದ ಮಾತಷ್ಟೇ ಅದು ಎಂಬ ಪತ್ರ ಆಮೇಲೆ ಬಂತು!

1967ರಲ್ಲಿ ಕಾಂಗೋದಲ್ಲಿ ಕೆಲಸ ಆರಂಭಿಸಿದ ಕೆಲವೇ ತಿಂಗಳಲ್ಲಿ ಅಲ್ಲಿನ ದಂಗೆಯಿಂದಾಗಿ ಗಡಿ ದಾಟಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಕರಿಸಿಂಬಿ ಮತ್ತು ವಿಸೋಕೆ ಪರ್ವತಗಳ ನಡುವೆ ಕರಿಸೋಕೆ ಕೇಂದ್ರ ಸ್ಥಾಪನೆಯಾಯಿತು. ಫಾಸಿ ಅಲ್ಲಿ ಕಾಡು ಸೆಲರಿ ಜಗಿದರು, ಗೊರಿಲ್ಲಾಗಳಂತೆ ಮುಷ್ಟಿಯೂರಿ ನಡೆದರು, ಅವುಗಳ ತೃಪ್ತಿಯ ತೇಗನ್ನು ಅನುಕರಿಸಿದರು. ಮೂಗಿನ ಮೇಲಣ ಸುಕ್ಕುಗಳಿಂದ ಒಂದೊಂದನ್ನೂ ಗುರುತಿಟ್ಟರು. 1970ರಲ್ಲಿ ಪೀನಟ್ಸ್ ಎಂಬ ಗಂಡು ಗೊರಿಲ್ಲಾ ತಾನಾಗಿ ಅವರ ಕೈಯನ್ನು ಮುಟ್ಟಿತು. ಎದೆ ಬಡಿದುಕೊಳ್ಳುವ ರಾಕ್ಷಸನೆಂದು ಸಿನಿಮಾಗಳು ಚಿತ್ರಿಸಿದ್ದ ಪ್ರಾಣಿ ಸೊಪ್ಪು ತಿನ್ನುವ ಸಂಸಾರಿಯೆಂದು ಲೋಕಕ್ಕೆ ತಿಳಿದದ್ದರಲ್ಲಿ ಫಾಸಿಯವರ ಪಾಲು ದೊಡ್ಡದು.

ಆದರೆ ಸಾಮಾನ್ಯವಾಗಿ ಜಿಂಕೆಯಂಥ ಪ್ರಾಣಿಗಳಿಗೆ ಒಡ್ಡಿದ ಉರುಳುಗಳಲ್ಲಿ ಗೊರಿಲ್ಲಾ ಮರಿಗಳ ಕೈಕಾಲು ಸಿಲುಕುತ್ತಿದ್ದವು. 1977ರ ಕೊನೆಯ ದಿನ ಅವರ ಅಚ್ಚುಮೆಚ್ಚಿನ ಡಿಜಿಟ್ ತನ್ನ ಗುಂಪನ್ನು ಪಾರುಮಾಡುತ್ತ ಕಳ್ಳಬೇಟೆಗಾರರ ಈಟಿಗೆ ಬಲಿಯಾಯಿತು. ಅದರ ತಲೆ, ಕೈಗಳನ್ನು ಕತ್ತರಿಸಿ ಒಯ್ದಿದ್ದರು. ಅಲ್ಲಿಂದಾಚೆಗೆ ವಿಜ್ಞಾನಿ ಹಿಂದೆ ಸರಿದು ಯೋಧೆ ಮುಂದೆ ಬಂದರು. ಉರುಳುಗಳನ್ನು ಕೀಳಿಸಿದ್ದು ಸರಿಯೇ. ಆದರೆ ಸಿಕ್ಕಿಬಿದ್ದವರನ್ನು ತುರಿಕೆ ಸೊಪ್ಪಿನಿಂದ ಹೊಡೆಯುವುದು, ದನಗಳನ್ನು ಹಿಡಿದಿಡುವುದು, ಮಾಟಮಂತ್ರದ ಭಯ ಹುಟ್ಟಿಸುವುದು, ಬೇಟೆಗಾರನೊಬ್ಬನ ಮಗುವನ್ನೇ ಒತ್ತೆಯಿಡುವುದು — ಇವನ್ನು ಗೊರಿಲ್ಲಾಪ್ರೀತಿಯ ಹೆಸರಿನಲ್ಲಿ ಸಮರ್ಥಿಸಲಾಗದು. ಬೇಟೆಗಾರರು, ದನಗಾಹಿಗಳು ಬಡವರು. ಅವರಿಗೂ ಆ ಕಾಡೇ ಆಸರೆ. ಉದ್ಯಾನದ ದೊಡ್ಡ ಭಾಗವನ್ನು ನುಂಗಿದ್ದು ಅವರ ಈಟಿಯಲ್ಲ, ಸರ್ಕಾರಿ ಯೋಜನೆ.

1979ರ ಹೊತ್ತಿಗೆ ಬೇರೆ ಸಂರಕ್ಷಣಾವಾದಿಗಳು ಪ್ರವಾಸೋದ್ಯಮ ಹಾಗೂ ಶಾಲಾ ಶಿಕ್ಷಣದ ದಾರಿ ಹಿಡಿದರು. ಫಾಸಿ ಅದನ್ನು ವಿರೋಧಿಸಿದರು. ಮನುಷ್ಯರ ರೋಗ ಗೊರಿಲ್ಲಾಗಳಿಗೆ ತಗಲುವುದೆಂಬ ಅವರ ಅಂಜಿಕೆ ನಿರಾಧಾರವಾಗಿರಲಿಲ್ಲ. ಇಂದಿಗೂ ಪ್ರವಾಸಿಗರು ದೂರದಲ್ಲೇ ನಿಲ್ಲಬೇಕು, ಒಂದು ಗಂಟೆಯಷ್ಟೇ ನೋಡಬೇಕು. ಆದರೂ ರುವಾಂಡಕ್ಕೆ ಈ ಕಾಡು ಹೊಲಕ್ಕಿಂತ ಬೆಲೆಬಾಳುವಂತಾದದ್ದು ಆಕೆ ಒಲ್ಲೆನೆಂದ ಪ್ರವಾಸಿಗರಿಂದಲೇ.

1985ರ ಡಿಸೆಂಬರ್ ಕೊನೆಯ ವಾರ ಫಾಸಿ ತಮ್ಮ ಗುಡಿಸಲಿನಲ್ಲೇ ಕೊಲೆಯಾದರು. ಅಮೆರಿಕದ ಸಂಶೋಧಕನೊಬ್ಬನನ್ನು ರುವಾಂಡದ ನ್ಯಾಯಾಲಯ ಆತನ ಗೈರುಹಾಜರಿಯಲ್ಲಿ ಅಪರಾಧಿಯೆಂದು ಸಾರಿತಾದರೂ ಅನೇಕರು ಅದನ್ನು ನಂಬಲಿಲ್ಲ. ಡಿಜಿಟ್‌ನ ಪಕ್ಕದಲ್ಲೇ ಅವರ ಸಮಾಧಿಯಿದೆ.

1980ರ ದಶಕದ ಆರಂಭದಲ್ಲಿ ವಿರುಂಗಾ ಬೆಟ್ಟಸಾಲಿನಲ್ಲಿ ಸುಮಾರು 250ಕ್ಕೆ ಕುಸಿದಿದ್ದ ಗೊರಿಲ್ಲಾಗಳು 2015-16ರ ಗಣತಿಯಲ್ಲಿ 604 ಆಗಿದ್ದವು. ಉಗಾಂಡದ ಬ್ವಿಂಡಿ ಅರಣ್ಯದವೂ ಸೇರಿದರೆ ಸಾವಿರಕ್ಕೂ ಮೇಲು. 2018ರಲ್ಲಿ ಪರ್ವತ ಗೊರಿಲ್ಲಾವನ್ನು ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಲಾಯಿತು. ಸಂಖ್ಯೆ ಹೆಚ್ಚಿತು, ಕಾಡು ಹೆಚ್ಚಲಿಲ್ಲ. ಗುಂಪುಗುಂಪುಗಳ ನಡುವೆ ಕಾದಾಟ ಏರಿತು. ಆದ್ದರಿಂದ ರುವಾಂಡ ಈಗ ಉದ್ಯಾನದ ಗಡಿಯನ್ನು ಹೊರಕ್ಕೆ ಸರಿಸುವ ಯೋಜನೆ ಕೈಗೊಂಡಿದೆ. ಹಿಂದೆ ಕಾಡಾಗಿದ್ದ ಹೊಲಗಳಲ್ಲಿ ಬೇರೂರಿದ ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆ ಬಿಡಬೇಕಾಗಿದೆ.