ದಾರಿ ಅಗಲಿಸಿದ ತಿಮ್ಮಯ್ಯ

ಸೇನಾ ಭರ್ತಿ ರ‍್ಯಾಲಿಯ 1.6 ಕಿ.ಮೀ. ಓಟದಲ್ಲಿ ಕೆಲವೇ ಸೆಕೆಂಡ್ ತಡವಾಗಿ ಹೊರಬಿದ್ದವನು ನಾನು. ವಯೋಮಿತಿಯ ಲೆಕ್ಕದಲ್ಲಿ ಉಳಿದಿರುವುದು ಇನ್ನೊಂದೇ ಅವಕಾಶ. ಈಗ ದಿನಾ ನಸುಕಿನಲ್ಲಿ ಹೇಮಾವತಿ ದಂಡೆಯಲ್ಲಿ ಓಡಿ, ಹೇಮಗಿರಿ ಬೆಟ್ಟ ಹತ್ತುತ್ತೇನೆ. ಕಾಲು ಸೋತಾಗ ನೆನಪಾಗುವವರು ಕೊಡಗಿನ ಜನರಲ್ ತಿಮ್ಮಯ್ಯ.

ಅವರು ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಡೆಹ್ರಾಡೂನ್‌ನ ಮಿಲಿಟರಿ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾದರು. ಆಗ ಅಲ್ಲಿ ಭಾರತೀಯರಿಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಸೀಟು. 1926ರಲ್ಲಿ ಸೇನಾಧಿಕಾರಿಯಾದರು.

1948ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದ ಜೋಜಿಲಾ ಪಾಸ್ ಹಿಡಿಯಲು ಹೋದ ನಮ್ಮ ಕಾಲಾಳುಪಡೆ ವಿಫಲವಾಗಿ ಹಿಂದಿರುಗಿತ್ತು. ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ ಕೈಚೆಲ್ಲಲಿಲ್ಲ. ಟ್ಯಾಂಕುಗಳ ಫಿರಂಗಿ ಗೋಪುರ ಕಳಚಿ ಗುಟ್ಟಾಗಿ ಸಾಗಿಸಲಾಯಿತು. ಮದ್ರಾಸ್ ಸ್ಯಾಪರ್ಸ್ ಯೋಧರು ಹೇಸರಗತ್ತೆಗಳ ಕಾಲುದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲಿಸಿದರು. ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಹಿಮದಲ್ಲಿ ಟ್ಯಾಂಕುಗಳನ್ನು ಕಂಡು ಶತ್ರುಗಳು ಕಂಗಾಲಾದರು. ಪಾಸ್ ನಮ್ಮದಾಯಿತು, ಲೇಹ್ ಕಡೆಗಿನ ದಾರಿ ತೆರೆಯಿತು.

1957ರಲ್ಲಿ ತಿಮ್ಮಯ್ಯ ಭೂಸೇನಾ ಮುಖ್ಯಸ್ಥರಾದರು. ನಿವೃತ್ತಿಯ ನಂತರ ವಿಶ್ವಸಂಸ್ಥೆಯ ಶಾಂತಿಪಡೆಯ ಸಾರಥ್ಯ ವಹಿಸಿ ಸೈಪ್ರಸ್‌ಗೆ ಹೋದವರು 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಹೋದ ಸಲ ರ‍್ಯಾಲಿಗೆ ಮೊದಲು ನಾನು ಓಡಿದ್ದು ಇಪ್ಪತ್ತೇ ದಿನ. ಸೋತಾಗ ದೂರಿದ್ದು ಹಣೆಬರಹವನ್ನು. ದಾಳಿಗೂ ಮುಂಚಿನ ವಾರಗಳಲ್ಲಿ ಆದ ಆ ದಾರಿ ಕೆಲಸವೇ ಜೋಜಿಲಾವನ್ನು ಗೆದ್ದುಕೊಟ್ಟಿತೆಂದು ಈಗ ಅರ್ಥವಾಗಿದೆ. ನನ್ನ ಪಾಲಿನ ದಾರಿ ಅಗಲಿಸಲು ಇನ್ನೂ ನಾಲ್ಕು ತಿಂಗಳಿದೆ. ನಾಳೆ ನಸುಕಿನಲ್ಲಿ ಮತ್ತೆ ಬೆಟ್ಟ ಹತ್ತಬೇಕು.