ಒಂದೇ ಪುಸ್ತಕ ಬಿಟ್ಟುಹೋದ ಆರ್ಗನ್ ವಾದಕ

ಫ್ರಾನ್ಸಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಊರು ರೀಮ್ಸ್. ಅಲ್ಲಿ 1672ರ ಸೆಪ್ಟೆಂಬರ್‌ನಲ್ಲಿ ಜ್ಞಾನಸ್ನಾನ ಪಡೆದ ನಿಕೊಲಾ ದ ಗ್ರಿನ್ಯಿಗೆ ಆರ್ಗನ್ ಮನೆಯಲ್ಲೇ ಇದ್ದ ವಿದ್ಯೆ. ತಂದೆ, ತಾತ ಇಬ್ಬರೂ ಊರಿನ ಇಗರ್ಜಿಗಳಲ್ಲಿ ಆರ್ಗನ್ ನುಡಿಸಿಯೇ ಬದುಕಿದವರು.

ಇಪ್ಪತ್ತು ದಾಟುತ್ತಿದ್ದಂತೆ ಗ್ರಿನ್ಯಿ ಪ್ಯಾರಿಸ್ ಕಡೆಗೆ ಹೋದರು. 1693ರಿಂದ 1695ರವರೆಗೆ ರಾಜರ ಸಮಾಧಿಗಳಿರುವ ಸೇಂಟ್ ಡೆನಿಸ್ ಮಠದಲ್ಲಿ ಆರ್ಗನ್ ವಾದಕರಾಗಿದ್ದರು. ಆಗ ಹೆಸರಾಂತ ವಾದಕ ನಿಕೊಲಾ ಲೆಬೆಗ್ ಅವರಲ್ಲಿ ಪಾಠವನ್ನೂ ಹೇಳಿಸಿಕೊಂಡರು. 1695ರಲ್ಲಿ ಪ್ಯಾರಿಸಿನ ವ್ಯಾಪಾರಿಯೊಬ್ಬರ ಮಗಳು ಮಾರಿ ಮಗ್ದಲೆನ್ ಅವರನ್ನು ಮದುವೆಯಾಗಿ ಊರಿಗೆ ಮರಳಿದರು. ದಂಪತಿಗೆ ಏಳು ಮಕ್ಕಳು. 1697ರ ಹೊತ್ತಿಗೆ ರೀಮ್ಸ್‌ನ ಮಹಾ ಇಗರ್ಜಿಯ ಆರ್ಗನ್ ಅವರ ಕೈಗೆ ಬಂದಿತ್ತು.

ಆ ಕಾಲದ ಬಲಿಪೂಜೆಯಲ್ಲಿ ಆರ್ಗನ್ ಬರೀ ಹಾಡಿಗೆ ಜೊತೆಗೊಡುವ ವಾದ್ಯವಾಗಿರಲಿಲ್ಲ. ಗಾಯಕರು ಒಂದು ಚರಣ ಹಾಡಿದರೆ ಮುಂದಿನ ಚರಣದ ಜಾಗದಲ್ಲಿ ಆರ್ಗನ್ ಒಂದೇ ನುಡಿಯುತ್ತಿತ್ತು. ಎಷ್ಟೋ ವಾದಕರು ಇದನ್ನು ಆಗಿಂದಾಗ ಕಲ್ಪಿಸಿಕೊಂಡು ನುಡಿಸುತ್ತಿದ್ದರು, ಪೂಜೆ ಮುಗಿದರೆ ಸಂಗೀತವೂ ಮುಗಿಯಿತು. ಗ್ರಿನ್ಯಿ ಬರೆದಿಟ್ಟರು. 1699ರಲ್ಲಿ ಅಚ್ಚಾದ ಅವರ 'ಆರ್ಗನ್‌ನ ಮೊದಲ ಪುಸ್ತಕ'ದಲ್ಲಿ ಒಂದು ಪೂರ್ಣ ಪೂಜೆಯ ಸಂಗೀತವೂ ಐದು ಸ್ತೋತ್ರಗಳ ಸಂಗೀತವೂ ಇವೆ. ಅದರ ಐದು ಧ್ವನಿಗಳ ರಚನೆಗಳು ಸುಲಭದ ಮಾತಲ್ಲ. ಬಲಗೈಗೆ ಎರಡು ಧ್ವನಿ, ಎಡಗೈಗೆ ಬೇರೊಂದು ಬಣ್ಣದ ಎರಡು ಧ್ವನಿ, ಐದನೆಯದು ಕಾಲಿಗೆ. ಅಷ್ಟಾದರೂ ಕೇಳುವವರಿಗೆ ಲೆಕ್ಕಾಚಾರ ಕಾಣುವುದಿಲ್ಲ, ಹಾಡು ಮಾತ್ರ ಕೇಳಿಸುತ್ತದೆ. ಫ್ರೆಂಚ್ ಆರ್ಗನ್ ಸಂಗೀತದಲ್ಲಿ ಇದಕ್ಕೆ ಸರಿಸಾಟಿ ಎಂದರೆ ಫ್ರಾನ್ಸ್ವಾ ಕೂಪೆರಾನ್ ಅವರ 1690ರ ಎರಡು ಪೂಜೆಗಳು ಮಾತ್ರ.

'ಮೊದಲ' ಎಂದು ಹೆಸರಿಟ್ಟವರು ಎರಡನೆಯದನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು. ಆದರೆ 1703ರ ನವೆಂಬರ್ 30ರಂದು ಗ್ರಿನ್ಯಿ ತೀರಿಕೊಂಡರು. ವಯಸ್ಸು ಬರೀ 31. 1711ರಲ್ಲಿ ಆ ಪುಸ್ತಕ ಪ್ಯಾರಿಸಿನಲ್ಲಿ ಮತ್ತೆ ಅಚ್ಚಾಯಿತು. ಅದಕ್ಕಾಗಿ ಓಡಾಡಿದವರು ಅವರ ಪತ್ನಿ.

ಅಷ್ಟರಲ್ಲಿ ಪುಸ್ತಕ ಗಡಿ ದಾಟಿ ಜರ್ಮನಿ ಸೇರಿತ್ತು. 1710ರ ಆಸುಪಾಸಿನಲ್ಲಿ ವೈಮಾರ್‌ನ ಯುವ ಆರ್ಗನ್ ವಾದಕರೊಬ್ಬರು ಅದನ್ನು ಮೊದಲಿನಿಂದ ಕೊನೆಯವರೆಗೂ ಸ್ವಂತ ಕೈಯಿಂದ ನಕಲು ಮಾಡಿಕೊಂಡರು. ಅವರು ಯೊಹಾನ್ ಸೆಬಾಸ್ಟಿಯನ್ ಬಾಖ್. ಆ ಕೈಬರಹದ ಪ್ರತಿ ಫ್ರಾಂಕ್‌ಫರ್ಟ್‌ನ ಗ್ರಂಥಾಲಯದಲ್ಲಿದೆ.